ಕೈಯಿಂದ ಕೈಗೆ ಕೊಟ್ಟ ಹಳೆಯ ಡಿಸ್ಕು

ಕಾಕಾರ ಉಗುರಿನ ಸಂದಿಯಲ್ಲಿ ಸದಾ ಹಳದಿ ಸಾಬೂನು ಕೂತಿರುತ್ತಿತ್ತು. ಬಟ್ಟೆ ಒಗೆಯುವ ಬಾರ್ ಸಾಬೂನು. ಲ್ಯಾಪ್‌ಟಾಪನ್ನು ಬೋರಲು ಹಾಕಿ ಒಂದೊಂದೇ ಸ್ಕ್ರೂ ಬಿಚ್ಚುವಾಗ, ಅದು ಯಾವ ಮೂಲೆಯದೋ ಸಾಬೂನಿನ ಅದೇ ಮೂಲೆಗೆ ಚುಚ್ಚಿ ನಿಲ್ಲಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕಿತ್ತು ಅದೇ ಕ್ರಮದಲ್ಲಿ ಮತ್ತೆ ತಿರುಗಿಸುವುದು. ಒಂದು ಸ್ಕ್ರೂ ಕಳೆದದ್ದನ್ನಾಗಲಿ, ಒಂದರ ಜಾಗಕ್ಕೆ ಇನ್ನೊಂದು ಹೋದದ್ದನ್ನಾಗಲಿ ನಾನು ಎಂದೂ ನೋಡಲಿಲ್ಲ. ಮೈಯೆಲ್ಲ ತೂತಾದ ಸಾಬೂನು ವಾರದ ಕೊನೆಗೆ ಅವರ ಮನೆಯ ಒಗೆಯುವ ಕಲ್ಲಿಗೆ ಹೋಗುತ್ತಿತ್ತು. "ಮನ್ಯಾಗ ಆಕಿ ಬೈತಾಳ್ರಿ. ಇಲಿ ತಿಂದ ಸಾಬೂನು ತರ್ತೀರಿ ಅಂತಾಳ," ಎಂದು ನಗುತ್ತಿದ್ದರು.

ದಾಂಡೇಲಿಯ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕಕ್ಕೆ ಅವರ ರಿಪೇರಿ ಅಂಗಡಿ. ಧಾರವಾಡದ ಕಡೆಯವರು. ಹರೆಯದಲ್ಲೇ ಪೇಪರ್ ಮಿಲ್ಲಿಗೆ ಬಂದು, ಮೀಟರು ಗೇಜು ನೋಡಿಕೊಳ್ಳುವ ವಿಭಾಗದಲ್ಲಿ ದುಡಿದು, ನಿವೃತ್ತರಾದ ಮೇಲೆ ಸುಮ್ಮನೆ ಕೂರಲಾಗದೆ ಅಂಗಡಿ ಹಾಕಿದವರು. ಗಲ್ಲಿಯವರಿಗೆಲ್ಲ ಅವರು ಕಾಕಾ, ಹಾಗಾಗಿ ನನಗೂ ಕಾಕಾ. ಆ ಮನುಷ್ಯನನ್ನು ಅವರದೇ ಅಂಗಡಿಯ ಬಾಗಿಲಲ್ಲಿ, ನಾಲ್ಕು ಜನರ ಎದುರು, ನಾನು ಸುಳ್ಳುಗಾರ ಎಂದೆ. ಹಾಗಾಗಿ ಅವರನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಹೊಗಳುವ ಯೋಗ್ಯತೆಯನ್ನು ಆ ದಿನವೇ ಕಳೆದುಕೊಂಡಿದ್ದೇನೆ.

ನಾನು ಹಳಿಯಾಳ ತಾಲ್ಲೂಕಿನ ಕಾಡಂಚಿನ ಊರೊಂದರ ಸಿದ್ದಿ ಹೆಂಗಸು. ಶಾಲೆಯಲ್ಲಿ ಅತಿಥಿ ಶಿಕ್ಷಕಿ, ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಊರಿನ ಅರಣ್ಯ ಹಕ್ಕು ಸಮಿತಿಯ ಕಾರ್ಯದರ್ಶಿಯೂ ಹೌದು. ಅರ್ಜಿ ಬರೆಯುವ ಉಸಾಬರಿ ಯಾರಿಗೂ ಬೇಡವಾದ್ದರಿಂದ ಆ ಪದವಿ ನನ್ನ ಕೊರಳಿಗೆ ಬಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಊರಲ್ಲಿ ಎಲ್ಲರಿಗೂ ಅದು ಗೊತ್ತು, ನನ್ನ ಅಜ್ಜಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ನಿನ್ನ ನಾಲಿಗೆ ನಿನಗಿಂತ ಮೊದಲು ಮನೆ ಮುಟ್ಟುತ್ತದೆ ಎನ್ನುತ್ತಿದ್ದಳು.

ಕಾಕಾರ ಅಂಗಡಿಗೆ ಮೊದಲ ಸಲ ಹೋದದ್ದು ಕೀಬೋರ್ಡಿನ ಒಂದು ಕೀಲಿ ಕೂತುಬಿಟ್ಟಿತ್ತು ಅಂತ. ಶಾಲೆಯ ಕನ್ನಡ ಅಕ್ಕೋರು, ಅಂದರೆ ಟೀಚರು, ಎಂದು ನನ್ನ ಗುರುತು ಹೇಳಿಕೊಂಡಿದ್ದೆ. ಅಂದು ಅಲ್ಲಿ ಒಬ್ಬ ಪ್ರವಾಸಿಯಿದ್ದ. ಕಾಳಿ ನದಿಯಲ್ಲಿ ದೋಣಿ ಆಟಕ್ಕೆ ಬರುತ್ತಾರಲ್ಲ, ಅಂಥವನು. ನೀರು ಕುಡಿದ ಕ್ಯಾಮೆರಾ ಹಿಡಿದು ಕೂತಿದ್ದ. ನನ್ನ ಮುಖ, ಕೂದಲು ನೋಡಿ ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳಿದ. ಈ ಪ್ರಶ್ನೆ ನನಗೆ ಹೊಸದಲ್ಲ. ನಮ್ಮ ಹಿರಿಯರು ಆಫ್ರಿಕಾದಿಂದ ಬಂದು ಎಷ್ಟೋ ತಲೆಮಾರಾಯಿತು, ಆದರೂ ಹುಟ್ಟಿದ ನೆಲದಲ್ಲೇ ದಿನಾ ಪಾಸ್‌ಪೋರ್ಟು ತೋರಿಸುವ ಪಾಡು ನಮ್ಮದು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಸಾಬೂನಿನಿಂದ ಕಣ್ಣೆತ್ತದೆ ಹೇಳಿದರು, "ಅವರು ಕನ್ನಡ ಅಕ್ಕೋರ್ರಿ. ನಿಮಗ ಬರಂಗಿಲ್ಲ ಅಂದ್ರ ಕೂಡ್ರಿ, ಅ ಆ ಇ ಈ ಇಂದ ಕಲಸ್ತಾರ." ಆಮೇಲೆ ನನ್ನ ಕಡೆ ತಿರುಗಿ, "ಸುರು ಆಗಾಕ ಎಷ್ಟ ನಿಮಿಷ ತೊಗೊಂತೈತಿ ಇದು?" ಎಂದು ಕೇಳಿದರು. ಹನ್ನೆರಡು ನಿಮಿಷ ಎಂದೆ. "ಚಾ ಕುಡದ ಬರಬಹುದಲ್ರಿ," ಎಂದರು. ಆ ಹೊತ್ತಿನಿಂದ ನನಗೆ ಅವರು ಹಿಡಿಸಿದರು.

ಅವರ ಅಂಗಡಿಯಲ್ಲೊಂದು ಕಟ್ಟಳೆಯಿತ್ತು. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಬೇಗ ಓಡುವ ಹೊಸ ಎಸ್‌ಎಸ್‌ಡಿ ಹಾಕಿಸಲು ಬಂದವರು ಯಾರೇ ಆಗಲಿ, ಕೆಲಸವಾದ ಮೇಲೆ ಅಲ್ಲಿಯೇ ಕೂತು ತಮ್ಮ ಕೈಯಾರೆ ಐದು ಕಡತ ತೆರೆದು ನೋಡಬೇಕು. ಹೊಸವಲ್ಲ, ಎಲ್ಲಕ್ಕಿಂತ ಹಳೆಯವು. "ಹೊಸಾವು ಎಲ್ಲಾರೂ ನೋಡ್ತಾರ್ರಿ. ಹಳೇವು ಬಂದಾವೋ ಇಲ್ಲೋ ಅನ್ನೂದು ಬೇಕಾದಾಗ ಗೊತ್ತಾಗ್ತೈತಿ, ಆವಾಗ ಕೈ ಮೀರಿರ್ತೈತಿ," ಎನ್ನುತ್ತಿದ್ದರು. ಇನ್ನೊಂದು, ತೆಗೆದ ಡಿಸ್ಕನ್ನು ಅವರು ತಮ್ಮಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ, ಮೇಜಿನ ಮೇಲೂ ಇಡುತ್ತಿರಲಿಲ್ಲ. ಕೈಯಿಂದ ಕೈಗೆ ಕೊಡಬೇಕು. ಕೊಡುವ ಮೊದಲು ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿಯ ತುಂಡೊಂದನ್ನು ಡಿಸ್ಕಿನ ಬೆನ್ನಿಗೆ ಅಂಟಿಸಿ, ಯಾರ ಡಿಸ್ಕು, ಯಾರ ಕೈಗೆ ಕೊಟ್ಟದ್ದು ಎಂದು ಬರೆಯುತ್ತಿದ್ದರು. ಮಿಲ್ಲಿನಲ್ಲಿ ಪಾಳಿ ಬದಲಾಗುವಾಗ ಕಲಿತದ್ದಂತೆ. ತಮ್ಮ ಪಾಳಿ ಮುಗಿಸಿ ಹೊರಡುವವರು ಪ್ರತಿಯೊಂದು ಹತಾರವನ್ನು ಮುಂದಿನ ಪಾಳಿಯವನ ಅಂಗೈಗೆ ಇಟ್ಟು, "ಕೊಟ್ಟೆ" ಅನ್ನಬೇಕು, ಅವನು "ತೊಗೊಂಡೆ" ಅನ್ನಬೇಕು. ಹಾಗೆ ಅನ್ನುವ ತನಕ ಜವಾಬ್ದಾರಿ ದಾಟುವುದಿಲ್ಲ ಎನ್ನುವುದು ಅವರ ಶಾಸ್ತ್ರ.

ನಾನು ಎಸ್‌ಎಸ್‌ಡಿ ಹಾಕಿಸಲು ಹೋಗುವಂತೆ ಮಾಡಿದ್ದು ಒಂದು ಅವಮಾನ. ಅದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮ ಊರಿನವರು ಉಳುವ ಗದ್ದೆ ಕಾಗದದಲ್ಲಿ ಕಾಡು. ಅದರ ಮೇಲಿನ ಹಕ್ಕಿಗೆ ಅರ್ಜಿ ಹಾಕಿದಾಗ ಪುರಾವೆ ಕೇಳಿದರು. ಕಾಗದ ನಮ್ಮಲ್ಲಿ ಎಲ್ಲಿಂದ ಬರಬೇಕು? ಊರಿನ ಮುದುಕರ ಹೇಳಿಕೆಯನ್ನೂ ಪುರಾವೆಯೆಂದು ಹಿಡಿಯುತ್ತಾರೆ ಎಂದು ಯಾರೋ ತಿಳಿದವರು ಹೇಳಿದರು. ನಾನು ಫೋನು ಹಿಡಿದು ಒಬ್ಬೊಬ್ಬರನ್ನೂ ಅವರವರ ಗುರುತಿನ ಜಾಗಕ್ಕೆ ಕರೆದುಕೊಂಡು ಹೋಗಿ ಮಾತಾಡಿಸಿದೆ. ಹಳೇ ಬಾವಿ, ಹಿರಿಯರನ್ನು ಹೂಳಿದ ಜಾಗದ ಕಲ್ಲುಗಳು, ಗದ್ದೆಯ ಬದು. ಅದರಲ್ಲಿ ಎಲ್ಲಕ್ಕೂ ಹಳೆಯದು, ಎಲ್ಲಕ್ಕೂ ಉದ್ದದ್ದು ನನ್ನ ಅಜ್ಜಿಯದು, ಅಪ್ಪನ ತಾಯಿಯದು. ಬಾವಿಕಟ್ಟೆಗೆ ಕೈಯೂರಿ ನಿಂತು ಅವಳು ಫೋನನ್ನೇ ಗದರಿಸುತ್ತಾಳೆ, "ಈ ಬಾವಿ ನನ್ನ ಮಾವ ತೋಡಿದ್ದು. ಇದರ ನೀರು ಕುಡದ ಏಳು ಹಡದೀನಿ. ಯಾರ ಕಾಡಿದು, ಹೇಳ್ರಿ ನೋಡೂಣು." ಆ ಫೋನು ಮರುವರ್ಷದ ಮಳೆಗಾಲದಲ್ಲಿ ಹಳ್ಳದ ಪಾಲಾಯಿತು. ಉಳಿದದ್ದು ಲ್ಯಾಪ್‌ಟಾಪಿನಲ್ಲಿದ್ದ ಪ್ರತಿ ಮಾತ್ರ.

ಕಚೇರಿಯಲ್ಲಿ ನಡೆದ ಮೊದಲ ವಿಚಾರಣೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ. ಅವ್ವನೂ ಜೊತೆಗೆ ಬಂದಿದ್ದಳು. ಅಜ್ಜಿ ಆಗ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಲ್ಯಾಪ್‌ಟಾಪ್ ಸುರುವಾಗುವಷ್ಟರಲ್ಲಿ ಮೇಜಿನಾಚೆ ಕೂತ ಅಧಿಕಾರಿಗಳಿಗೆ ಚಹಾ ಬಂದು ಹೋಯಿತು. ಕೊನೆಗೆ ಅಜ್ಜಿಯ ಚಿತ್ರ ಮೂಡಿತು, ಒಂದು ಮಾತು ಆಡಿತು, ಅಲ್ಲಿಗೆ ನಿಂತಿತು. ಅರ್ಧ ಬಾಯಿ ತೆರೆದ ಅಜ್ಜಿಯ ಮುಖ ಪರದೆಯ ತುಂಬ ಹಾಗೇ ಉಳಿಯಿತು. ಗಾಲಿಯೊಂದು ತಿರುಗುತ್ತಲೇ ಇತ್ತು. ಮೇಜಿನಾಚೆ ಒಬ್ಬರು ಮತ್ತೊಬ್ಬರ ಕಿವಿಯಲ್ಲಿ ಏನೋ ಅಂದರು, ಇಬ್ಬರೂ ನಕ್ಕರು. ಆ ನಗು ಯಾವ ಬಗೆಯದೆಂದು ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ. ಅವ್ವ ಸೆರಗನ್ನು ತಲೆ ಮೇಲೆ ಎಳೆದುಕೊಂಡಳು. "ಮುಂದಿನ ಸಲ ಸರಿಯಾದ ಮಷೀನ್ ತಗೊಂಡು ಬಾರಮ್ಮ," ಎಂದು ತಾರೀಖು ಮುಂದಕ್ಕೆ ಹಾಕಿದರು.

ಅಜ್ಜಿ ಆ ಬೇಸಿಗೆಯಲ್ಲಿ ತೀರಿಕೊಂಡಳು.

ನಮ್ಮ ಮನೆಯ ಒಳಕೋಣೆಯ ಮೂಲೆಯಲ್ಲಿ ಮಣ್ಣಿನ ಕಟ್ಟೆಯೊಂದಿದೆ. ಅದರ ಮೇಲೆ ನಮ್ಮ ಹಿರಿಯರು ಕೂತಿದ್ದಾರೆ. ನೋಡುವವರಿಗೆ ಅವು ಕುಂಕುಮ ಹಚ್ಚಿದ ತೆಂಗಿನಕಾಯಿಗಳು, ನಮಗೆ ತೀರಿಹೋದವರು. ಮಹಾನವಮಿಯ ದಿನ ಹಳೆಯ ಕಾಯಿ ತೆಗೆದು ಹೊಸ ಕಾಯಿ ಇಡುತ್ತೇವೆ. ಆ ವರ್ಷ ಸತ್ತವರು ಸಾಲಿಗೆ ಸೇರುವುದೂ ಅಂದೇ. ಅಲ್ಲಿಯ ತನಕ ಮನೆಯಲ್ಲಿ ಅವರ ಹೆಸರು ಹಿಡಿದು ಕೂಗಬಾರದು, ಅವರ ದನಿ ಎಬ್ಬಿಸಬಾರದು ಎನ್ನುವುದು ಅವ್ವನ ನೇಮ. ಕಟ್ಟೆಯ ಮೇಲಿಟ್ಟದ್ದನ್ನು ನವಮಿಯ ಹೊರತು ಬೇರೆ ದಿನ ಮುಟ್ಟುವಂತಿಲ್ಲ. ಇಂಥದ್ದೆಲ್ಲ ನನಗೆ ಅಷ್ಟಾಗಿ ನಂಬಿಕೆಯಿಲ್ಲ, ಆದರೆ ಅವ್ವನೆದುರು ಅದನ್ನು ಹೇಳುವಷ್ಟು ಧೈರ್ಯವೂ ಇರಲಿಲ್ಲ.

ಎರಡನೆಯ ವಿಚಾರಣೆಗೆ ನಾಲ್ಕು ದಿನವಿದ್ದಾಗ ಲ್ಯಾಪ್‌ಟಾಪನ್ನು ಕಾಕಾರ ಅಂಗಡಿಗೆ ಒಯ್ದೆ. ಸಂತೆಗೆಂದು ಅವ್ವನೂ ಬಂದವಳು ಅಂಗಡಿಯ ಬೆಂಚಿನ ಮೇಲೆ ಚೀಲ ಹಿಡಿದು ಕೂತಳು. ಕಾಕಾ ಹಳೆಯ ಡಿಸ್ಕನ್ನು ಕಿವಿಗೆ ಹಿಡಿದು ಕೇಳಿದರು, ಹಲಸಿನಹಣ್ಣು ಬಡಿದು ನೋಡುವವರ ಹಾಗೆ. "ಸುಸ್ತಾಗೈತ್ರಿ ಇದು. ಇದ್ದದ್ದನ್ನ ಇದ್ದಂಗ ಹೊಸಾದಕ್ಕ ಇಳಸೂಣು," ಎಂದು ವೈರು ಹಚ್ಚಿದರು. ಮಧ್ಯಾಹ್ನವೆಲ್ಲ ಅದು ಇಳಿಯಿತು. ನಡುನಡುವೆ ನಿಂತಿತು, ಕಾಕಾ ಹುಬ್ಬು ಗಂಟಿಕ್ಕಿದರು, ಮತ್ತೆ ನಡೆಯಿತು.

ಮುಗಿದಾಗ ನಾಲ್ಕು ಗಂಟೆ ದಾಟಿತ್ತು. ನಮ್ಮ ಊರ ಕಡೆಯ ಬಸ್ಸು ನಾಲ್ಕೂವರೆಗೆ, ಅದು ತಪ್ಪಿದರೆ ಅಂದಿಗೆ ಬೇರೆ ಇಲ್ಲ.

"ಅಕ್ಕೋರ, ಮೂರು ನಾಲ್ಕು ಕಡೆ ಇದು ಓದಾಕ ತಡವರಿಸೈತಿ. ಯಾವ ಕಡತದಾಗ ಅಂತ ಮಷೀನ್ ಹೇಳಂಗಿಲ್ಲ. ಹಳೇವು ಐದು ತಗದ ನೋಡ್ರಿ. ಇಲ್ಲಾಂದ್ರ ಎರಡು ದಿನ ಬಿಟ್ಟ ಹೋಗ್ರಿ, ಆ ಜಾಗಾನ ಇನ್ನೊಮ್ಮೆ ಸಾವಕಾಶ ಓದಿಸ್ತೇನಿ."

ಗುಂಡಿ ಒತ್ತಿದೆ. ಹನ್ನೊಂದೇ ಸೆಕೆಂಡಿಗೆ ಲ್ಯಾಪ್‌ಟಾಪ್ ಸುರುವಾಯಿತು. ಖುಷಿಗೆ ನನ್ನ ತಲೆ ನಿಲ್ಲಲಿಲ್ಲ. ಹೊಸದಾದ ಎರಡು ತೆರೆದೆ, ನೀರು ಹರಿದಂತೆ ಓಡಿದವು. ಎಲ್ಲಕ್ಕೂ ಹಳೆಯದಾದ ಅಜ್ಜಿಯದರ ಮೇಲೆ ಬೆರಳಿಟ್ಟೆ. ಹಿಂದಿನಿಂದ ಅವ್ವ, "ಬ್ಯಾಡ. ನವಮಿ ಆಗಿಲ್ಲ," ಎಂದಳು. ನಮ್ಮದು ಮನೆಯಲ್ಲಿ ಕೊಂಕಣಿ ಬೆರೆತ ಮಾತು. ಅವಳು ಕನ್ನಡದಲ್ಲಿ ಹೇಳಿದ್ದು ಕಾಕಾರಿಗೂ ತಿಳಿಯಲಿ ಎಂದು. ಅದು ತೀರಿಹೋದ ಅಜ್ಜಿಯ ದನಿ ಎಂದು ನಾನು ಕಾಕಾರಿಗೆ ತಿಳಿಸಿದೆ. ಅವರು ಅವ್ವನಿಗೇ ಹೇಳಿದರು, "ಅವ್ವಾರ, ನಾ ನೋಡಂಗಿಲ್ಲ, ಹೊರಗ ನಿಂದರ್ತೇನಿ. ಒಂದ ನಿಮಿಷ ತಗದ ನೋಡ್ಲಿ ಅಕ್ಕೋರು." ಅವ್ವ ಬೇಡವೆಂದು ತಲೆಯಾಡಿಸಿದಳು. ನನಗೆ ಬಸ್ಸಿನ ಚಿಂತೆ. "ಎಲ್ಲಾ ಬಂದಾವ್ರಿ ಕಾಕಾ, ಸುಮ್ನ ಚಿಂತಿ ಮಾಡ್ತೀರಿ ನೀವು," ಎಂದು ಮುಚ್ಚಿ ಚೀಲಕ್ಕೆ ಹಾಕಿದೆ.

"ಹಂಗಾದ್ರ ಇದನ್ನಾರ ಹಿಡೀರಿ," ಎಂದು ಹಳೆಯ ಡಿಸ್ಕನ್ನು ಮುಂದೆ ಮಾಡಿದರು. "ಮೂರು ತಿಂಗಳು ಜ್ವಾಪಾನ. ಒಂದ ಕಡೆ ಅಷ್ಟ ಇಟ್ಟದ್ದು ಇಟ್ಟಂಗಲ್ರಿ."

"ಅಯ್ಯ, ನೀವ ಇಟ್ಕೋರಿ ಅದನ್ನ. ನಮ್ಮ ಮನಿ ಸೋರ್ತೈತಿ," ಎಂದು ಹೇಳಿ ನಾನು ಓಡಿದೆ. ಅವ್ವ ಹಿಂದೆ ಬಂದಳು. ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ನಾನು ಜನರ ನಡುವೆ ಮುಂದೆ ನಿಂತೆ. ನನ್ನ ನೆನಪು ಇಷ್ಟೇ. ಡಿಸ್ಕು ಕಾಕಾರ ಕೈಯಲ್ಲಿ ಉಳಿಯಿತು ಎಂದೇ ನಾನು ತಿಳಿದಿದ್ದೆ.

ಮನೆಯಲ್ಲಿ ಅಜ್ಜಿಯದನ್ನು ತೆರೆದು ನೋಡುವಂತಿರಲಿಲ್ಲ. ಶಾಲೆಯಲ್ಲಾದರೂ ನೋಡಬಹುದಿತ್ತು. ಶಾಲೆಯಲ್ಲಿ ನಾನು ಮಾಡಿದ್ದೇನೆಂದರೆ, ಇತರ ಶಿಕ್ಷಕಿಯರನ್ನು ಕರೆದು, ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿ, ಹನ್ನೊಂದು ಸೆಕೆಂಡು ಎಣಿಸಿ ತೋರಿಸಿದ್ದು.

ಎರಡನೆಯ ವಿಚಾರಣೆಯಲ್ಲಿ ಅದು ಹನ್ನೊಂದು ಸೆಕೆಂಡಿಗೇ ಸುರುವಾಯಿತು. "ಈಗ ಫಾಸ್ಟ್ ಆಗೈತಲ್ಲ," ಎಂದು ಮೇಜಿನಾಚೆಯವರೇ ಅಂದರು. ಅಜ್ಜಿಯದನ್ನು ಒತ್ತಿದೆ. ಪರದೆ ಕಪ್ಪಾಯಿತು. ತೆರೆಯಲಾಗುವುದಿಲ್ಲ ಎಂಬ ಒಂದು ಸಾಲು ಬಂತು. ಮತ್ತೆ ಒತ್ತಿದೆ, ಅದೇ ಸಾಲು. ಉಳಿದವರ ಹೇಳಿಕೆಗಳು ಓಡಿದವು, ಆದರೆ ಬಾವಿ ಯಾರು ತೋಡಿದ್ದು ಎಂದು ಕಣ್ಣಾರೆ ಕಂಡು ಹೇಳಿದವಳು ಅಜ್ಜಿಯೊಬ್ಬಳೇ. ಅವಳನ್ನು ಈಗ ಎಲ್ಲಿಂದ ತರಲಿ? ಹದಿನೈದು ದಿನ ಕೊಟ್ಟರು. ಅಷ್ಟರಲ್ಲಿ ತಂದರೆ ಸರಿ, ಇಲ್ಲದಿದ್ದರೆ ಪುರಾವೆ ಇಲ್ಲ ಎಂದು ಬರೆದು ಮುಚ್ಚುತ್ತೇವೆ ಎಂದರು.

ಅಲ್ಲಿಂದ ನೇರ ದಾಂಡೇಲಿಗೆ ಬಂದು, ಹಳೆಯ ಡಿಸ್ಕು ಕೊಡಿ ಎಂದೆ.

ಕಾಕಾ ಗಾಬರಿಯಿಂದ ನೋಡಿದರು. "ನಿಮ್ಮ ತಾಯಾರ ಕೈಯಾಗ ಕೊಟ್ಟೇನಲ್ಲರಿ. ನೀವು ಬಿಟ್ಟ ಹೋದ್ರಿ ಅಂತ ಓಡಿ ಬಂದೆ. ಬಸ್ಸಿನ ಕಿಟಕ್ಯಾಗ ಕೊಟ್ಟು, ನಿಮ್ಮ ಅತ್ತ್ಯಾರ ದನಿ ಐತ್ರಿ ಇದರಾಗ, ಜ್ವಾಪಾನ ಮಾಡ್ರಿ ಅಂತ ಹೇಳೀನಿ. ತೊಗೊಂಡೆ ಅಂದ್ರು ಅವ್ವಾರು."

ಮನೆಗೆ ಬಂದು ಅವ್ವನನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಲಿಲ್ಲ, ಮುಖ ಮೇಲೇಳಲಿಲ್ಲ. "ನನಗ ಯಾರೂ ಏನೂ ಕೊಟ್ಟಿಲ್ಲ," ಎಂದಳು. ಎರಡು ಸಲ ಕೇಳಿದೆ, ಎರಡು ಸಲವೂ ಅದನ್ನೇ ಹೇಳಿದಳು. ಅವ್ವ ಸುಳ್ಳು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮರುದಿನ ಮತ್ತೆ ಅಂಗಡಿಗೆ ಹೋದೆ. ಸಾಬೂನಿನ ಮೇಲೆ ಯಾರದೋ ಸ್ಕ್ರೂಗಳು ನಿಂತಿದ್ದವು, ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು. ಒಳಗೆ ಹೋಗದೆ ಬಾಗಿಲಲ್ಲೇ ನಿಂತು ಕೂಗಿದೆ. ಡಿಸ್ಕು ಕಳೆದದ್ದು ನೀವು, ಒಪ್ಪಿಕೊಳ್ಳಲು ಮುಖವಿಲ್ಲದೆ ಓದು ಬಾರದ ಮುದುಕಿಯ ಮೇಲೆ ಹಾಕುತ್ತೀರಿ ಎಂದೆ. ಸಿದ್ದಿಗಳ ಮಾತನ್ನು ಯಾರೂ ನಂಬುವುದಿಲ್ಲ ಎಂದು ಗೊತ್ತಿದ್ದೇ ಹೀಗೆ ಮಾಡುತ್ತೀರಿ ಎಂದೂ ಅಂದೆ. ಸುಳ್ಳುಗಾರ ಎಂದೆ. ಯಾವ ಮನುಷ್ಯ ನನ್ನನ್ನು ಎಂದೂ ಆ ಕಣ್ಣಿನಿಂದ ನೋಡಿರಲಿಲ್ಲವೋ, ಅವನ ಮೇಲೆಯೇ ಮೇಜಿನಾಚೆ ನಕ್ಕವರ ಸಿಟ್ಟನ್ನೆಲ್ಲ ಕಾರಿದೆ. ಅವರೆದುರು ಬಾಯಿ ಬಿಡದವಳು ಇಲ್ಲಿ ಹುಲಿಯಾದೆ.

ಕಾಕಾ ಎದ್ದು ನಿಂತಿದ್ದರು. ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದರು, ಸಾಬೂನಿನ ಚೂರು ಉದುರುತ್ತಿತ್ತು. "ಪಟ್ಟಿ ಮ್ಯಾಲ ಬರದೇನ್ರಿ. ಡಿಸ್ಕ್ ಸಿಕ್ಕರ ನೋಡ್ರಿ," ಎಂದರು.

"ಸಿಕ್ಕಿದ್ರ ನಿಮ್ಮ ಬಾಗಲಿಗೆ ಯಾಕ ಬರ್ತಿದ್ದೆ?"

ಕಾಕಾ ಮೆತ್ತಗೆ ಹೇಳಿದರು, "ತಾಯಿ ಮಾತು ಸುಳ್ಳು ಮಾಡಬ್ಯಾಡ್ರಿ. ನಂದ ಬೇಕಾದ್ರ ಸುಳ್ಳಾಗ್ಲಿ. ಆದ್ರ ಲ್ಯಾಪ್‌ಟಾಪ್ ತೊಗೊಂಡ ಬರ್ರಿ, ಹೊಸಾದರಾಗ ಏನಾರ ಉಳದೈತೇನು ಹುಡುಕಿ ನೋಡ್ತೇನಿ."

ನಾನು ಒಯ್ಯಲಿಲ್ಲ. ಒಂದಲ್ಲ, ಮೂರು ಸಲ ಫೋನು ಮಾಡಿದರು, ಎತ್ತಲಿಲ್ಲ. ಬದಲಿಗೆ ಊರೂರಲ್ಲಿ ಹೇಳಿದೆ. ನಮ್ಮ ಶಾಲೆಯಲ್ಲಿ ಹೇಳಿದೆ, ಸಂತೆಯಲ್ಲಿ ಹೇಳಿದೆ, ಮುಂಡಗೋಡದ ಕಡೆಯಿಂದ ಬಂದ ನೆಂಟರಿಗೂ ಹೇಳಿದೆ. ಆ ಗಲ್ಲಿಯ ಮುದುಕನ ಕೈಗೆ ಏನೂ ಕೊಡಬೇಡಿ, ಕೊಟ್ಟದ್ದು ವಾಪಸು ಬರುವುದಿಲ್ಲ ಎಂದು. ಹೇಳುವಾಗ ಒಂದು ಬಗೆಯ ಸುಖವೂ ಇತ್ತು, ಸುಳ್ಳೇಕೆ ಹೇಳಲಿ. ನಮ್ಮ ಕಡೆಯ ಶಾಲೆಗಳವರು ರಿಪೇರಿಗೆ ಹಳಿಯಾಳಕ್ಕೆ ಹೋಗತೊಡಗಿದರು.

ಹದಿನೈದು ದಿನ ಮುಗಿಯಿತು. ಪುರಾವೆ ಇಲ್ಲ ಎಂದು ಬರೆದ ಕಾಗದ ಮನೆಗೆ ಬಂತು. ಅವ್ವನಿಗೆ ಅದನ್ನು ಓದಿ ಹೇಳಿದೆ. ಎದ್ದು ಹೋಗಿ ಬಾವಿಯಿಂದ ನೀರು ತಂದಳು.

ಮಹಾನವಮಿ ಬಂತು. ಅವ್ವ ಮಿಂದು ಬಂದು ಕಟ್ಟೆಯ ಮುಂದೆ ಕೂತು, ಹಳೆಯ ಕಾಯಿಗಳನ್ನು ಒಂದೊಂದಾಗಿ ತೆಗೆದು ನನ್ನ ಕೈಗೆ ಕೊಟ್ಟಳು. ಕೊನೆಯಲ್ಲಿ ಮೂಲೆಗೆ ಕೆಂಪು ಬಟ್ಟೆಯ ಗಂಟೊಂದಿತ್ತು. ಅದನ್ನೂ ನನ್ನ ಕೈಗೆ ಇಟ್ಟಳು. ಬಿಚ್ಚಿದೆ. ಕಪ್ಪು ಡಿಸ್ಕು, ಮೇಲೆ ಕುಂಕುಮ, ನಾಲ್ಕು ಅಕ್ಕಿ ಕಾಳು. ತಿರುವಿದರೆ ಬಿಳಿ ಪಟ್ಟಿ. ಪಟ್ಟಿಯ ಮೇಲೆ ಕಾಕಾರ ದುಂಡು ಅಕ್ಷರ. "ಕನ್ನಡ ಅಕ್ಕೋರದು. ತಾಯಿಯವರ ಕೈಯಲ್ಲಿ ಕೊಟ್ಟಿದೆ. ಬಸ್ಸು, ಕಿಟಕಿ ಸೀಟು."

ನಾನು ಮಲಗುವ ಜಾಗದಿಂದ ಆ ಕಟ್ಟೆ ಹತ್ತು ಹೆಜ್ಜೆ. ಆ ಪಟ್ಟಿ ಅಲ್ಲಿ ಕೂತಿತ್ತು, ನಾನು ಊರೂರು ತಿರುಗುತ್ತಿದ್ದೆ.

"ಯಾಕ ಅವ್ವಾ?" ಎಂದೆ.

"ಅತ್ತಿ ಇದರಾಗ ಅದಾಳ ಅಂದ್ರು ಆ ಮನಷ್ಯಾ. ಸತ್ತವರ ದನಿ ನವಮಿ ಮುಂಚೆ ಎಲ್ಲಿಡಲಿ? ಇಲ್ಲೇ ಇಟ್ಟೆ. ನೀ ಕೇಳಿದಿ, ಕೊಟ್ಟಿದ್ರ ಕಚೇರಿಗೆ ಒಯ್ತಿದ್ದಿ. ಅವರು ಮತ್ತ ನಗ್ತಿದ್ರು. ಬದುಕಿದ್ದಾಗ ನಕ್ಕರು, ಸತ್ತ ಮ್ಯಾಲೂ ನಗಲೇನು? ಗದ್ದಿ ಹೋದ್ರ ಹೋಗಲಿ." ಆಮೇಲೆ, "ನೀ ಆ ಮನಷ್ಯಾನ ಹಂಗ ಬೈತಿ ಅಂತ ನನಗೇನ ಗೊತ್ತಿತ್ತು," ಎಂದಳು.

ಗೊತ್ತಿತ್ತು. ನಾನು ಮನೆಯಲ್ಲೂ ಬೈದಿದ್ದೆ, ಅವಳು ಕೇಳಿಸಿಕೊಂಡಿದ್ದಳು. ಆದರೂ ನಾನು ಅವಳಿಗೆ ಏನೂ ಅನ್ನಲಿಲ್ಲ. ಅನ್ನಬೇಕಾದಷ್ಟನ್ನು ಬೇರೆಯವರಿಗೆ ಅಂದು ಮುಗಿಸಿದ್ದೆ.

ಮರುದಿನ ಬೆಳಗಿನ ಬಸ್ಸಿಗೇ ದಾಂಡೇಲಿಗೆ ಹೋದೆ. ಅಂಗಡಿಗೆ ಬೀಗ. ಗಿರಣಿಯವರು ಹಿಟ್ಟಿನ ಕೈ ಕೊಡವುತ್ತ ಹೊರಗೆ ಬಂದು, "ಗೊತ್ತಿಲ್ಲೇನ್ರಿ? ಗಣಪತಿ ಹಬ್ಬದ ಮುಂದ ಹೋಗಿಬಿಟ್ರು ಕಾಕಾ. ಎದಿನೋವು ಅಂದ್ರು, ದವಾಖಾನಿ ಮುಟ್ಟಲಿಲ್ಲ," ಎಂದರು. ಆಮೇಲೆ ನನ್ನ ಗುರುತು ಹತ್ತಿತು ಅಂತ ಕಾಣುತ್ತದೆ, ಅವರ ಮುಖ ಬದಲಾಯಿತು. ಅಂದು ಬೆಂಚಿನ ಮೇಲೆ ಕೂತಿದ್ದ ನಾಲ್ವರಲ್ಲಿ ಅವರೂ ಒಬ್ಬರು. ಮನೆ ಎಲ್ಲಿ ಎಂದು ಕೇಳಿದೆ. ಕೈ ಮಾಡಿ ತೋರಿಸಿ ಒಳಗೆ ಹೋದರು.

ಅವರ ಹೆಂಡತಿ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದರು. ಕಲ್ಲಿನ ಮೇಲೆ ಹಳದಿ ಸಾಬೂನಿತ್ತು. ಅದರಲ್ಲಿ ಒಂದು ತೂತೂ ಇರಲಿಲ್ಲ. ನಾನು ಯಾರು ಎಂದು ಹೇಳಿದೆ. ಅವರು ಎದ್ದು ಕೈ ಒರೆಸಿಕೊಂಡರು, ಕೂಡು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಡಿಸ್ಕನ್ನು ತೆಗೆದು ಪಟ್ಟಿ ತೋರಿಸಿದೆ. ಅವರು ತಮ್ಮ ಗಂಡನ ಅಕ್ಷರವನ್ನು ಬಹಳ ಹೊತ್ತು ನೋಡಿದರು.

"ತಪ್ಪಾತ್ರಿ ನಂದು. ಈ ಪಟ್ಟಿ ನಿಮ್ಮ ಹತ್ರ ಇರಲಿ. ಅವರು ಖರೇ ಹೇಳಿದ್ರು ಅನ್ನಾಕ ಇದ ಸಾಕ್ಷಿ," ಎಂದೆ.

"ನಮಗ್ಯಾಕ ಬೇಕವಾ ಸಾಕ್ಷಿ?" ಎಂದರು. "ಅವರು ಖರೇ ಹೇಳ್ತಾರಂತ ನಮಗ ಗೊತ್ತಿತ್ತು. ಗೊತ್ತಿರದಾವರಿಗೆ ತೋರಸು."

ಆಮೇಲೆ ಕೇಳಿದರು, "ಅದರಾಗ ನಿಮ್ಮ ಅಜ್ಜೀದು ದನಿ ಸಿಕ್ತೇನು? ಕಡೀತನಕಾ ಅದನ್ನ ಕೇಳ್ತಿದ್ರು ಅವರು. ಅಕ್ಕೋರಿಗೆ ಸಿಕ್ತೋ ಇಲ್ಲೋ, ಸಿಕ್ತೋ ಇಲ್ಲೋ ಅಂತ." ಅಷ್ಟು ಹೇಳಿ ಬಟ್ಟೆ ಹಿಂಡಲು ಕೂತರು.

ಸಿಕ್ಕಿತು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಆ ಡಿಸ್ಕನ್ನು ಎರಡು ದಿನ ಬಿಟ್ಟು ಬಂದೆ. ಕಾಕಾ ಕೇಳಿದ್ದೂ ಎರಡೇ ದಿನ. ಸಾವಕಾಶ ಓದಿಸಿದರು, ಅಜ್ಜಿ ಬಂದಳು. ಬಾವಿಕಟ್ಟೆಗೆ ಕೈಯೂರಿ ಎಲ್ಲರನ್ನೂ ಗದರಿಸಿದಳು. ಈಗ ಅದರ ನಾಲ್ಕು ಪ್ರತಿಗಳಿವೆ. ಮೇಲಿನ ಸಮಿತಿಗೆ ಮತ್ತೆ ಬರೆದಿದ್ದೇವೆ, ತಡವಾಗಿ ತಂದದ್ದನ್ನು ತೆಗೆದುಕೊಳ್ಳಬೇಕೋ ಬೇಡವೋ ಎಂದು ಅವರು ಇನ್ನೂ ಯೋಚಿಸುತ್ತಿದ್ದಾರೆ.

ಮುಂದಿನ ನವಮಿಗೆ ಆ ಮನುಷ್ಯನ ಹೆಸರಿನಲ್ಲೂ ಒಂದು ಕಾಯಿ ಇಡೋಣವೇ ಎಂದು ಅವ್ವ ಕೇಳಿದಳು. ನಾನು ಬೇಡ ಎಂದೆ. ಬದುಕಿದ್ದಾಗ ಸುಳ್ಳುಗಾರ ಎಂದು, ಸತ್ತ ಮೇಲೆ ಕುಂಕುಮ ಹಚ್ಚಿ ಕೂರಿಸಿದರೆ ಎಲ್ಲ ತೀರಿತ್ತೇ? ಅವರ ಹೆಂಡತಿ ಹೇಳಿದ ಕೆಲಸವೇ ನನ್ನ ಪಾಲಿನದು. ಪಟ್ಟಿಯಂಟಿದ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು, ಎಲ್ಲೆಲ್ಲಿ ಅವರ ಹೆಸರು ಕೆಡಿಸಿದ್ದೆನೋ ಅಲ್ಲಿಗೆಲ್ಲ ಹೋಗುತ್ತಿದ್ದೇನೆ. ಶಾಲೆಗಳಿಗೆ ಹೋದೆ, ಸಂತೆಯ ಅಂಗಡಿಗಳಿಗೆ ಹೋದೆ, ಮುಂಡಗೋಡದ ಕಡೆಯ ನೆಂಟರ ಮನೆಗೂ ಹೋದೆ. ಡಿಸ್ಕು ತೋರಿಸಿ, ಅವರು ಕೊಟ್ಟಿದ್ದರು, ಅದು ನಮ್ಮ ಮನೆಯಲ್ಲೇ ಇತ್ತು, ಸುಳ್ಳು ಹೇಳಿದ್ದು ನಾನು ಎನ್ನುತ್ತೇನೆ.

ಹೋದ ವಾರ ಸಂತೆಯಲ್ಲಿ ಬಳೆ ಮಾರುವಾಕೆಗೆ ಇದನ್ನೇ ಹೇಳಿದೆ. ನಾನು ಕಾಕಾರನ್ನು ಬೈದಾಗ ಎಲ್ಲರಿಗಿಂತ ಆಸೆಯಿಂದ ಕೇಳಿಸಿಕೊಂಡಿದ್ದವಳು ಅವಳೇ. ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ವಾಪಸು ಕೊಟ್ಟಳು. ನನ್ನ ತೋಳು ತಟ್ಟಿ, ಬಹಳ ಮೆಚ್ಚಿಕೆಯಿಂದ ಹೇಳಿದಳು,

"ದೊಡ್ಡ ಮನಸ್ಸು ಬಿಡ್ರಿ ಅಕ್ಕೋರ ನಿಮ್ಮದು. ಅಂವ ಎಂಥಾವ ಇದ್ರೂ, ಸತ್ತ ಮ್ಯಾಲ ಒಳ್ಳೇದ ಆಡಬೇಕು, ನೋಡ್ರಿ."